ದಿವಂಗತ ಶಂಕರನಾಗರೂ ದೂರದರ್ಶನದ ಕನ್ನಡ ನಾಡೂ

ಹಳೇಬೀಡಿನ ದೇವಾಲಯವನ್ನು ಕಣ್ತುಂಬ ನೋಡಿ ಹಿಂದಿರುಗುವ ಯಾತ್ರಿಕರಲ್ಲಿ ಬಹುಮಂದಿ ಸಮೀಪದ ಹುಲಿಕೆರೆಯವರೆಗೆ ಹೋಗುವುದಿಲ್ಲ. ಹೋದವರು ಅಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯೊಂದನ್ನು ಕಾಣುವರು. ನೀರಿಗೆ ಇಳಿಯುವ ಮೆಟ್ಟಿಲುಗಳು, ಅವುಗಳ ಸುತ್ತ ಸಾಲಾಗಿ ನಿಂತ ಪುಟ್ಟ ಪುಟ್ಟ ಕಲ್ಲಿನ ಗುಡಿಗಳು. ಇವನ್ನು ಕಟ್ಟಿಸಿದ ಅರಸುಮನೆತನದ ಹೆಸರನ್ನು ನಾವೆಲ್ಲರೂ ಬಲ್ಲೆವು. ಕಲ್ಲು ಹೊತ್ತವರ ಹೆಸರನ್ನು ಬಲ್ಲವರಿಲ್ಲ. ಬೇಲೂರಿನಲ್ಲಾದರೋ ಬಳ್ಳಿಗಾವೆಯಿಂದ ಬಂದ ದಾಸೋಜನೂ ಅವನ ಮಗನಾದ ಚಾವಣನೂ ತಾವು ಕಡೆದ ಮೂರ್ತಿಗಳ ಕೆಳಗೆ ತಮ್ಮ ಹೆಸರನ್ನೂ ಊರನ್ನೂ ಕೆತ್ತಿಟ್ಟು ಹೋಗಿರುವರು. ಒಂದು ನಾಡಿನ ಚಿತ್ರವನ್ನು ಬಿಡಿಸುವಾಗ ಅದರಲ್ಲಿ ಯಾರ ಮುಖ ಕಾಣಬೇಕು, ಯಾರ ಮಾತು ಕೇಳಬೇಕು ಎಂಬ ಪ್ರಶ್ನೆ ಆ ಶಿಲ್ಪಿಗಳ ಕಾಲದಲ್ಲಿಯೂ ಇದ್ದಿತು, ಇಂದಿಗೂ ಇದೆ. ಅಂದು ಅದರ ತೀರ್ಮಾನ ಗುಡಿಯ ಗೋಡೆಯ ಮೇಲೆ ಆಗುತ್ತಿದ್ದಿತು. ಈಗ ಮನೆಮನೆಯ ಪಡಸಾಲೆಯಲ್ಲಿರುವ ದೂರದರ್ಶನದ ಗಾಜಿನ ಮೇಲೆ ಆಗುತ್ತಿದೆ.

ಈ ಪ್ರಶ್ನೆಯನ್ನು ಕುರಿತು ಯೋಚಿಸುವ ಕನ್ನಡಿಗನಿಗೆ ಮೊದಲು ನೆನಪಾಗಬೇಕಾದವರು ದಿವಂಗತ ಶಂಕರನಾಗರು. ಅವರು ಬದುಕಿದ್ದುದು ಮೂವತ್ತೈದು ವರ್ಷ. ಗತಿಸಿದ ಮೇಲೆ ಹೆಚ್ಚು ಕಡಮೆ ಅಷ್ಟೇ ಕಾಲ ಸಂದಿದೆ. ಅವರ ಭಾವಚಿತ್ರ ನಾಡಿನ ಆಟೋರಿಕ್ಷಾಗಳ ಮೇಲೆ ಇನ್ನೂ ಅಳಿದಿಲ್ಲ. ಆದರೆ ಅವರು ದೂರದರ್ಶನದಲ್ಲಿ ಮಾಡಿದ ಕೆಲಸದಿಂದ ಕನ್ನಡ ನಾಡಿಗೆ ದೊರೆತುದೇನು, ದೊರೆಯದೆ ಹೋದುದೇನು ಎಂಬುದನ್ನು ನಾವು ಸಾಕಷ್ಟು ವಿಚಾರ ಮಾಡಿದಂತೆ ತೋರುವುದಿಲ್ಲ.

ಶಂಕರನಾಗರು ಹುಟ್ಟಿದ್ದು ೧೯೫೪ನೆಯ ಇಸವಿ ನವೆಂಬರ್ ೯ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಸೀಮೆಯಲ್ಲಿ. ಆಗ ಆ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. ಹೊನ್ನಾವರದ ಕನ್ನಡಿಗನಿಗೂ ಹಾಸನದ ಕನ್ನಡಿಗನಿಗೂ ಸರಕಾರ ಬೇರೆ, ರಾಜಧಾನಿ ಬೇರೆ. ಮಗುವಿಗೆ ಎರಡು ವರ್ಷ ತುಂಬುವ ಮುನ್ನ, ೧೯೫೬ನೆಯ ನವೆಂಬರ್ ೧ರಂದು, ಚದರಿದ್ದ ಕನ್ನಡ ಸೀಮೆಗಳು ಒಂದೇ ಆಡಳಿತಕ್ಕೆ ಬಂದವು. ನಾಗರಕಟ್ಟೆ ಎಂಬ ಆ ಸಾರಸ್ವತ ಮನೆತನದಲ್ಲಿ ಮನೆಯ ಮಾತು ಕೊಂಕಣಿ. ಬೀದಿಯ ಮಾತು ಕನ್ನಡ. ಮುಂದೆ ಮುಂಬಯಿಗೆ ಹೋದ ಮೇಲೆ ಮರಾಠಿಯೂ ಕೈವಶವಾಯಿತು. ಇಷ್ಟು ಭಾಷೆಗಳ ನಡುವೆ ಬೆಳೆದವನಿಗೆ ಒಂದು ಭಾಷೆಯ ಮೇಲೆ ಅಭಿಮಾನ ಕಡಮೆಯಾಗುವುದೆಂದು ಕೆಲವರು ತಿಳಿಯುವುದುಂಟು. ಕೊಂಕಣಿ, ತುಳು, ಮರಾಠಿ, ತಮಿಳು, ತೆಲುಗು ಮನೆಮಾತಿನವರು ಕನ್ನಡಕ್ಕೆ ಸಲ್ಲಿಸಿದ ಸೇವೆಯನ್ನು ಬಲ್ಲವರು ಹಾಗೆ ತಿಳಿಯಲಾರರು.

ಮುಂಬಯಿಯಲ್ಲಿ ಅವರನ್ನು ಸೆಳೆದುದು ಮರಾಠಿ ರಂಗಭೂಮಿ. ಅಣ್ಣ ಅನಂತನಾಗರು ಆಗಲೇ ಅಲ್ಲಿಯ ರಂಗದ ಮೇಲೆ ಹೆಸರು ಮಾಡಿದ್ದರು. ತಮ್ಮನು ನಟನಾಗಿ ಮಾತ್ರ ತೃಪ್ತನಾಗಲಿಲ್ಲ. ನಾಟಕದ ದೀಪ, ರಂಗಸಜ್ಜು, ಬರವಣಿಗೆ ಎಲ್ಲದರಲ್ಲಿಯೂ ಕೈಯಿಟ್ಟರು. ಪುಣೆಯಲ್ಲಿ ಚಾಪೇಕರ ಸೋದರರು ರ‍್ಯಾಂಡನೆಂಬ ಅಧಿಕಾರಿಯನ್ನು ಕೊಂದ ಪ್ರಸಂಗವನ್ನು ಕುರಿತು ೧೯೭೯ರಲ್ಲಿ ತಯಾರಾದ ೨೨ ಜೂನ್ ೧೮೯೭ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಅವರ ಪಾಲಿದ್ದಿತು. ಅಲ್ಲಿಯ ರಂಗಭೂಮಿಯಲ್ಲಿಯೇ ಪರಿಚಯವಾದ ಅರುಂಧತಿಯವರು ಮುಂದೆ ಅವರ ಧರ್ಮಪತ್ನಿಯಾಗಿ, ಕನ್ನಡವನ್ನು ಕಲಿತು, ಕನ್ನಡ ರಂಗಭೂಮಿಯ ಸೇವೆಗೆ ನಿಂತರು.

ಕನ್ನಡ ಚಲಚ್ಚಿತ್ರಕ್ಕೆ ಶಂಕರನಾಗರು ಬಂದುದು ಹೊಯ್ಸಳ ಸೈನಿಕನ ವೇಷದಲ್ಲಿ ಎಂಬುದನ್ನು ಹಳೇಬೀಡಿನ ಸೀಮೆಯವರು ಮರೆಯಬಾರದು. ಶ್ರೀ ಗಿರೀಶ ಕಾರ್ನಾಡರು ೧೯೭೮ರಲ್ಲಿ ನಿರ್ದೇಶಿಸಿದ ಒಂದಾನೊಂದು ಕಾಲದಲ್ಲಿ ಎಂಬ ಚಿತ್ರದ ಕಥೆ ಹೊಯ್ಸಳರ ಕಾಲದ್ದು. ಆದರೆ ಅದರಲ್ಲಿ ವಿಷ್ಣುವರ್ಧನನಿಲ್ಲ, ಶಾಂತಲೆಯಿಲ್ಲ, ಅರಮನೆಯ ವೈಭವವಿಲ್ಲ. ಪರಸ್ಪರ ದ್ವೇಷಿಸುವ ಇಬ್ಬರು ಸಣ್ಣ ಪಾಳೆಯಗಾರ ಸೋದರರು, ಅವರ ಜಗಳದಲ್ಲಿ ಕೂಲಿಗೆ ಕತ್ತಿ ಹಿಡಿಯುವ ಆಳುಗಳು. ಆ ಆಳುಗಳಲ್ಲಿ ಒಬ್ಬನಾದ ಗಂಡುಗಲಿಯೇ ಶಂಕರನಾಗರು. ನಮ್ಮ ಊರೂರಿನ ಹೊಲದಂಚಿನಲ್ಲಿ ವಾಲಿ ನಿಂತಿರುವ ವೀರಗಲ್ಲುಗಳಲ್ಲಿ ಇರುವವನು ಇಂತಹ ಮನುಷ್ಯನೇ: ಯಾರದೋ ಜಗಳಕ್ಕೆ ತನ್ನ ಪ್ರಾಣ ಕೊಟ್ಟವನು. ಆ ಪಾತ್ರಕ್ಕಾಗಿ ೧೯೭೯ರಲ್ಲಿ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಟನೆಂಬ ಪ್ರಶಸ್ತಿ ದೊರೆಯಿತು. ಇಪ್ಪತ್ತನಾಲ್ಕು ವರ್ಷದ ಯುವಕನಿಗೆ ಇದು ಸಣ್ಣ ಮಾನವಲ್ಲ.

ಮುಂದಿನ ಹನ್ನೆರಡು ವರ್ಷಗಳ ಚಲಚ್ಚಿತ್ರ ಜೀವನವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಎಂಬತ್ತಕ್ಕೂ ಮಿಕ್ಕಿ ಚಿತ್ರಗಳಲ್ಲಿ ಅವರು ನಟಿಸಿದರು. ಅವುಗಳಲ್ಲಿ ಹೊಡೆದಾಟವೇ ಮುಖ್ಯವಾದ, ಒಮ್ಮೆ ನೋಡಿ ಮರೆಯತಕ್ಕವು ಬಹಳ. ಅವರ ಅಭಿಮಾನಿಗಳು ಇದನ್ನು ಒಪ್ಪದಿದ್ದರೂ ಸತ್ಯವನ್ನು ಹೇಳಬೇಕಾಗಿದೆ. ಹಾಗೆ ಗಳಿಸಿದ ಹಣವನ್ನು ಅವರು ತಮಗೆ ಪ್ರಿಯವಾದ ಕಾರ್ಯಗಳಿಗೆ ಸುರಿದರೆಂಬುದೂ ಸತ್ಯವೇ. ಸಂಕೇತ್ ಎಂಬ ನಾಟಕ ತಂಡವನ್ನು ಕಟ್ಟಿ ಅಂಜುಮಲ್ಲಿಗೆ, ಬ್ಯಾರಿಸ್ಟರ್, ನಾಗಮಂಡಲ ಮೊದಲಾದ ನಾಟಕಗಳನ್ನು ಆಡಿಸಿದರು. ಅದೇ ಹೆಸರಿನಲ್ಲಿ ಬೆಂಗಳೂರಿನಲ್ಲಿ ಧ್ವನಿಮುದ್ರಣ ಶಾಲೆಯೊಂದನ್ನು ತೆರೆದು, ಅಂತಹ ಕೆಲಸಕ್ಕೆ ಮದರಾಸಿಗೆ ಓಡುವ ಕಷ್ಟವನ್ನು ಕನ್ನಡ ಚಿತ್ರಗಾರರಿಗೆ ಕಡಮೆ ಮಾಡಿದರು.

ಎರಡು ಚಿತ್ರಗಳನ್ನು ಮಾತ್ರ ಇಲ್ಲಿ ಹೆಸರಿಸುವೆವು. ಮೊದಲನೆಯದು ೧೯೮೦ರ ಆಟೋರಾಜ. ಬಾಡಿಗೆ ವಾಹನ ನಡೆಯಿಸಿ ಹೊಟ್ಟೆ ಹೊರೆಯುವವನನ್ನು ಕಥಾನಾಯಕನ ಪೀಠದಲ್ಲಿ ಕೂರಿಸಿದುದರಿಂದ ಆ ವೃತ್ತಿಯವರು ಶಂಕರನಾಗರನ್ನು ತಮ್ಮ ಮನೆಯವರೆಂದೇ ಬಗೆದರು. ಇಂದಿಗೂ ಅವರ ಜನ್ಮದಿನವನ್ನು ಆಟೋ ನಿಲ್ದಾಣಗಳಲ್ಲಿ ಆಚರಿಸುವರು. ತನ್ನ ಮುಖವನ್ನು ಪರದೆಯ ಮೇಲೆ ಕಾಣುವುದು ಶ್ರಮಜೀವಿಗೆ ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಎರಡನೆಯದು ೧೯೮೫ರಲ್ಲಿ ಅವರೇ ನಿರ್ದೇಶಿಸಿದ ಆಕ್ಸಿಡೆಂಟ್. ರಾಜಕಾರಣಿಯ ಮಗನೊಬ್ಬ ಅಮಲಿನಲ್ಲಿ ಕಾರು ಓಡಿಸಿ ಕಾಲುದಾರಿಯ ಮೇಲೆ ಮಲಗಿದ್ದ ಬಡವರನ್ನು ಕೊಲ್ಲುವುದು, ತಂದೆಯ ಅಧಿಕಾರವು ಆ ಅಪರಾಧವನ್ನು ಮುಚ್ಚಲೆತ್ನಿಸುವುದು ಅದರ ವಸ್ತು. ಕೇಂದ್ರ ಸರಕಾರವೇ ಅದಕ್ಕೆ ರಾಷ್ಟ್ರಪ್ರಶಸ್ತಿ ನೀಡಿತು. ರಾಜಕೀಯವನ್ನೂ ವರ್ಗಭೇದವನ್ನೂ ಕುರಿತು ಇಷ್ಟು ನೇರವಾಗಿ ಮಾತನಾಡಲು ಚಿತ್ರಮಂದಿರದಲ್ಲಿ ಅವಕಾಶವಿದ್ದಿತು. ಸರಕಾರದ ಕೈಯಲ್ಲಿದ್ದ ದೂರದರ್ಶನದಲ್ಲಿ ಅಂತಹ ಅವಕಾಶ ಇರಲಿಲ್ಲ. ಆ ಮಾತನ್ನು ಅಲ್ಲಿ ಬೇರೆ ಬಗೆಯಲ್ಲಿಯೇ ಆಡಬೇಕಾಗಿದ್ದಿತು.

ಆ ದೂರದರ್ಶನದ ಅಂದಿನ ಸ್ಥಿತಿಯನ್ನು ಈಗಿನ ತರುಣರಿಗೆ ತುಸು ವಿವರಿಸಬೇಕು. ಕನ್ನಡ ಹಳ್ಳಿಗಳಿಗೆ ದೂರದರ್ಶನ ಮೊದಲು ಬಂದುದು ಬೆಂಗಳೂರಿನಿಂದಲ್ಲ, ಅಮೆರಿಕದಿಂದ ಎರವಲು ತಂದ ಉಪಗ್ರಹವೊಂದರಿಂದ. ೧೯೭೫ನೆಯ ಆಗಸ್ಟ್ ತಿಂಗಳಿಂದ ಒಂದು ವರ್ಷ ಕಾಲ ಆರು ರಾಜ್ಯಗಳ ೨,೪೦೦ ಹಳ್ಳಿಗಳಲ್ಲಿ ಸಾರ್ವಜನಿಕ ಪೆಟ್ಟಿಗೆಗಳನ್ನಿಟ್ಟು, ಬೇಸಾಯ, ಆರೋಗ್ಯ, ಶಾಲಾಪಾಠಗಳನ್ನು ತೋರಿಸಿದರು. ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗರು ಕನ್ನಡದಲ್ಲಿ ಅದನ್ನು ಕಂಡರು. ವರ್ಷ ತುಂಬಿದೊಡನೆ ಉಪಗ್ರಹವು ಹಿಂದಿರುಗಿತು, ಪ್ರಯೋಗವೂ ಮುಗಿಯಿತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದುದು ೧೯೮೧ನೆಯ ನವೆಂಬರ್ ೧ರಂದು. ಮರುವರ್ಷವೇ ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮವೆಂಬುದು ಹೊರಟಿತು. ಸಂಜೆಯ ಕೆಲವು ಗಳಿಗೆ ಕನ್ನಡವು ಕೇಳಿಬರುತ್ತಿದ್ದಿತು. ಜನರು ಊಟ ಮುಗಿಸಿ ಕೂರುವ ಹೊತ್ತಿಗೆ ಸರಿಯಾಗಿ ದೆಹಲಿಯ ವಾರ್ತೆಯೂ ದೆಹಲಿಯ ನಾಟಕವೂ ಬಂದು ಕೂರುತ್ತಿದ್ದವು. ಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು ಗೋಕಾಕ್ ವರದಿಯ ಚಳವಳಿ ನಾಡನ್ನೆಲ್ಲ ಕಲಕಿದ ೧೯೮೨ನೆಯ ವರ್ಷವೇ ಇದೂ ಆಯಿತೆಂಬುದನ್ನು ಗಮನಿಸಬೇಕು. ಶಾಲೆಯ ವಿಷಯದಲ್ಲಿ ಬೀದಿಗಿಳಿದ ನಾವು ಮನೆಯೊಳಗೆ ಬಂದ ಈ ವಿಷಯದಲ್ಲಿ ಸುಮ್ಮನಿದ್ದೆವು.

೧೯೮೪ನೆಯ ಜುಲೈನಲ್ಲಿ ಹಮ್ ಲೋಗ್ ಎಂಬ ಧಾರಾವಾಹಿ ಆರಂಭವಾಯಿತು. ಕಥೆಯ ಮೂಲಕ ಜನರಿಗೆ ಕುಟುಂಬಯೋಜನೆ ಮೊದಲಾದುವನ್ನು ಕಲಿಸುವ ಮೆಕ್ಸಿಕೋ ದೇಶದ ಪದ್ಧತಿಯನ್ನು ಅನುಸರಿಸಿ ಅದನ್ನು ಯೋಜಿಸಿದ್ದರು. ಕೆಳ ಮಧ್ಯಮ ವರ್ಗದ ಸಂಸಾರವೊಂದರ ಕಷ್ಟಸುಖವನ್ನು ಅದು ಚೆನ್ನಾಗಿಯೇ ತೋರಿಸಿತು. ಅದರ ಹಿಂದೆಯೇ ೧೯೮೬ರಲ್ಲಿ ಬುನಿಯಾದ್ ಎಂಬುದು ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡ ಪಂಜಾಬಿ ಕುಟುಂಬದ ಕಥೆಯನ್ನು ಹೇಳಿತು. ಇವು ಕೀಳಾದ ಕೃತಿಗಳೆಂದು ನಾವು ಹೇಳುವುದಿಲ್ಲ. ಆದರೆ ಇಡೀ ದೇಶಕ್ಕೆ ತೋರಿಸುವ ಭಾರತೀಯ ಸಂಸಾರವೆಂದರೆ ಅದು ಉತ್ತರದ ಸಂಸಾರವೇ ಆಗಿದ್ದಿತು. ದಕ್ಷಿಣದವನು ಪರದೆಯ ಮೇಲೆ ಕಾಣಿಸಿಕೊಳ್ಳಬೇಕಾದರೆ ಹಣೆಯ ತುಂಬ ವಿಭೂತಿ ಬಳಿದುಕೊಂಡು ಹಿಂದಿಯನ್ನು ತಪ್ಪಾಗಿ ಆಡಿ ನಗಿಸಬೇಕಾಗಿದ್ದಿತು. ಸರಕಾರವೇ ನೇಮಿಸಿದ್ದ ಶ್ರೀ ಪಿ. ಸಿ. ಜೋಶಿಯವರ ಸಮಿತಿಯು ದೂರದರ್ಶನವು ದೆಹಲಿಯ ಸುತ್ತಲೇ ತಿರುಗುತ್ತಿದೆಯೆಂದು ತನ್ನ ವರದಿಯಲ್ಲಿ ಆಕ್ಷೇಪಿಸಿದ್ದಿತು. ಇಂತಹ ವರದಿಗಳ ಗತಿ ಏನಾಗುವುದೆಂಬುದು ಓದುಗರಿಗೆ ತಿಳಿದೇ ಇದೆ.

ಹೀಗಿರುವಲ್ಲಿ ೧೯೮೬ನೆಯ ಸೆಪ್ಟೆಂಬರ್ ತಿಂಗಳಲ್ಲಿ ಮಾಲ್ಗುಡಿ ಡೇಸ್ ಬಂದಿತು.

ಶ್ರೀ ಆರ್. ಕೆ. ನಾರಾಯಣರು ಮದರಾಸಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಾಳಿ, ಇಂಗ್ಲಿಷಿನಲ್ಲಿ ಬರೆದವರು. ಅವರ ಮಾಲ್ಗುಡಿ ಯಾವ ಭೂಪಟದಲ್ಲಿಯೂ ಇಲ್ಲದ ಊರು. ಹಿಂದೆ ೧೯೬೫ರಲ್ಲಿ ಅವರ ಗೈಡ್ ಕಾದಂಬರಿಯನ್ನು ಮುಂಬಯಿಯವರು ಚಿತ್ರವಾಗಿ ಮಾಡಿದಾಗ ಆ ಊರನ್ನು ರಾಜಸ್ಥಾನಕ್ಕೆ ಒಯ್ದಿದ್ದರು. ಚಿತ್ರ ಗೆದ್ದಿತು, ಲೇಖಕರು ನೊಂದರು. ಚಿಕ್ಕ ಊರಿನ ಸಣ್ಣ ಮನುಷ್ಯರ ಕಥೆಗೆ ಉದಯಪುರದ ಅರಮನೆಗಳ ಹಿನ್ನೆಲೆ ಏತಕ್ಕೆ? ವೈಭವವಿಲ್ಲದ ದಕ್ಷಿಣವನ್ನು ಉತ್ತರದವರು ನೋಡಲಾರರೆಂಬ ಲೆಕ್ಕಾಚಾರವೇ ಅದಕ್ಕೆ ಕಾರಣವೆಂದು ನಾವು ಊಹಿಸಿದರೆ ತಪ್ಪಾಗಲಾರದು. ಇಪ್ಪತ್ತು ವರ್ಷಗಳ ಬಳಿಕ ಶ್ರೀ ಟಿ. ಎಸ್. ನರಸಿಂಹನ್ ಅವರು ನಿರ್ಮಾಪಕರಾಗಿ, ಶಂಕರನಾಗರು ನಿರ್ದೇಶಕರಾಗಿ ಆ ಕಥೆಗಳನ್ನು ಕೈಗೆತ್ತಿಕೊಂಡಾಗ ಊರನ್ನು ಹುಡುಕಿಕೊಂಡು ಹೋದುದು ಶಿವಮೊಗ್ಗ ಜಿಲ್ಲೆಯ ಆಗುಂಬೆಗೆ.

ಆಗುಂಬೆ ಮಳೆಯ ಊರು. ಘಟ್ಟದ ಅಂಚಿನಲ್ಲಿರುವ ಆ ಊರಿನ ಹಳೆಯ ದೊಡ್ಡಮನೆಯ ಜಗಲಿ, ಕಂಬ, ಅಂಗಳಗಳೇ ಸ್ವಾಮಿನಾಥನೆಂಬ ಬಾಲಕನ ಮನೆಯಾದವು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ದಾರಿಯಲ್ಲಿರುವ, ಕಾಡಿನ ನಡುವಣ ಅರಸಾಳು ಎಂಬ ಪುಟ್ಟ ಸ್ಟೇಷನ್ನಿಗೆ ಮಾಲ್ಗುಡಿ ಎಂಬ ಫಲಕ ಬಂದಿತು. ಹುಲಿಕೆರೆಯವನೊಬ್ಬನು ಮಾಲ್ಗುಡಿಗೆ ಹೋಗಬೇಕೆಂದರೆ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತಿ, ಬೀರೂರು, ಶಿವಮೊಗ್ಗಗಳನ್ನು ದಾಟಿ ಹೋಗಬಹುದಾಗಿದ್ದಿತು. ಅಂದರೆ ಕಲ್ಪನೆಯ ಊರೊಂದು ಮೊದಲ ಬಾರಿಗೆ ನಮ್ಮ ರೈಲಿನ ದಾರಿಗೆ ಸಿಕ್ಕಿತು. ದಾಸೋಜನ ಬಳ್ಳಿಗಾವೆಯಿರುವುದೂ ಆ ಜಿಲ್ಲೆಯಲ್ಲಿಯೇ ಎಂಬುದು ಆಕಸ್ಮಿಕವಾದರೂ ನೆನೆಯಲು ಹಿತವಾದ ಸಂಗತಿ.

ಊರು ಮಾತ್ರವಲ್ಲ, ಮುಖಗಳೂ ನಮ್ಮವೇ. ಸ್ವಾಮಿಯ ತಂದೆಯಾಗಿ ಗಿರೀಶ ಕಾರ್ನಾಡರು, ತಾಯಿಯಾಗಿ ಶ್ರೀಮತಿ ವೈಶಾಲಿ ಕಾಸರವಳ್ಳಿಯವರು, ಮಿಠಾಯಿ ಮಾರುವ ಜಗನ್ನನಾಗಿ ಅನಂತನಾಗರು. ಕಥೆಯೊಂದರಲ್ಲಿ ಗುಮಾಸ್ತನಾಗಿ ವಿಷ್ಣುವರ್ಧನರು. ಸ್ವಾಮಿಯ ಪಾತ್ರ ವಹಿಸಿದ ಬಾಲಕ ಮಾಸ್ಟರ್ ಮಂಜುನಾಥ ಇಡೀ ದೇಶದ ಮನೆಮಗನಾದನು. ಚೋಮನದುಡಿ, ಘಟಶ್ರಾದ್ಧಗಳಿಗೆ ಕ್ಯಾಮೆರಾ ಹಿಡಿದಿದ್ದ ಶ್ರೀ ಎಸ್. ರಾಮಚಂದ್ರರೇ ಇದಕ್ಕೂ ಛಾಯಾಗ್ರಾಹಕರು. ಪ್ರತಿ ಕಂತಿನ ಆರಂಭದಲ್ಲಿ ಬರುವ ರೇಖಾಚಿತ್ರಗಳು ಮೈಸೂರಿನಲ್ಲಿಯೇ ಹುಟ್ಟಿದ, ನಾರಾಯಣರ ತಮ್ಮಂದಿರಾದ ಶ್ರೀ ಆರ್. ಕೆ. ಲಕ್ಷ್ಮಣರವು. ಸಂಗೀತವನ್ನು ಒದಗಿಸಿದವರು ಶ್ರೀ ಎಲ್. ವೈದ್ಯನಾಥನ್, ಅವರ ಆ ಪುಟ್ಟ ಸ್ವರಮಾಲೆಯನ್ನು ಕೇಳಿದೊಡನೆ ಬೀದಿಯಲ್ಲಿದ್ದ ಮಕ್ಕಳು ಮನೆಗೆ ಓಡುತ್ತಿದ್ದರು. ಕನ್ನಡ ಚಿತ್ರರಂಗದಲ್ಲಿ ಅಂದು ಇದ್ದ ಒಳ್ಳೆಯ ಕೈಗಳಲ್ಲಿ ಹಲವನ್ನು ಶಂಕರನಾಗರು ಒಂದು ಕಡೆ ಕೂಡಿಸಿದರೆಂದು ಹೇಳಬಹುದು. ಎಲ್ಲವೂ ಸೇರಿ ಮೂವತ್ತೊಂಬತ್ತು ಕಂತುಗಳು.

ಈ ಕಂತುಗಳಲ್ಲಿ ಮಂತ್ರಿಯಿಲ್ಲ, ಚುನಾವಣೆಯಿಲ್ಲ. ಆದುದರಿಂದ ರಾಜಕೀಯವಿಲ್ಲವೆಂದು ತಿಳಿದವರುಂಟು. ಅದು ಅವಸರದ ತೀರ್ಮಾನ. ಲೀಲೆಯ ಗೆಳೆಯನ ಕಥೆಯನ್ನು ನೆನೆಯಿರಿ. ಮನೆಯ ಆಳು ಸಿದ್ದನು ಪುಟ್ಟ ಹುಡುಗಿಯೊಡನೆ ಆಡುತ್ತ, ಅವಳಿಗೆ ಚಂದ್ರನನ್ನು ತೋರಿಸುತ್ತ ಇರುವವನು. ಮಗುವಿನ ಕೊರಳ ಸರ ಕಾಣೆಯಾಗುವುದೇ ತಡ, ಕಳ್ಳನೆಂಬ ಹೆಸರು ಅವನ ತಲೆಗೆ ಬರುವುದು, ಪೋಲೀಸರೂ ಬರುವರು. ಸರವು ಹುಣಿಸೆಹಣ್ಣಿನ ಗಡಿಗೆಯಲ್ಲಿ ಸಿಕ್ಕುವುದು. ಆದರೂ ಯಜಮಾನನಿಗೆ ಪಶ್ಚಾತ್ತಾಪವಾಗುವುದಿಲ್ಲ. ಇಂತಹವನನ್ನು ಹೇಗೂ ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲವೆಂದು ಅವನು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವನು. ಕೆಲಸದಾಳಿನ ಮೇಲೆ ಒಮ್ಮೆಯಾದರೂ ಸಂಶಯಪಟ್ಟ ಎಷ್ಟು ಗೌರವಸ್ಥರ ಮನೆಗಳಲ್ಲಿ ಆ ಕಥೆಯನ್ನು ನೋಡಿದ ರಾತ್ರಿ ಮಾತು ನಿಂತಿರಬೇಕು! ತಿಂಗಳಿಗೆ ನಲವತ್ತು ರೂಪಾಯಿ ಸಂಬಳದ ಗುಮಾಸ್ತನ ಕಥೆಯೂ ಹಾಗೆಯೇ. ಮಗಳನ್ನು ಒಂದು ಸಂಜೆ ಹೊರಗೆ ಕರೆದೊಯ್ಯುವೆನೆಂದು ಮಾತು ಕೊಟ್ಟ ತಂದೆಗೆ ಕಚೇರಿಯ ಮೇಲಧಿಕಾರಿ ಬಿಡುವು ಕೊಡನು. ರಾಜೀನಾಮೆ ಬರೆದು ಕಿಸೆಯಲ್ಲಿಟ್ಟುಕೊಂಡು ಹೋದವನು ಐದು ರೂಪಾಯಿ ಸಂಬಳ ಹೆಚ್ಚಿಸಿದರೆಂಬುದನ್ನು ಕೇಳಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವನು. ಮಗಳು ಹೊಸ ಲಂಗ ತೊಟ್ಟು ಕಾದು ಕಾದು ಮಲಗಿರುವಳು. ಐದು ರೂಪಾಯಿಗೆ ಒಬ್ಬ ಮನುಷ್ಯನ ಸ್ವಾತಂತ್ರ್ಯವನ್ನು ಕೊಳ್ಳಬಹುದೆಂಬುದನ್ನು ಇಷ್ಟು ಮೆತ್ತಗೆ ಹೇಳಿದ ಮಾತು ಅಂದು ದೂರದರ್ಶನದಲ್ಲಿ ಬೇರೊಂದಿರಲಿಲ್ಲ.

ಸ್ವಾಮಿಯ ಕಥೆ ನಡೆಯುವ ಕಾಲವಾದರೋ ೧೯೩೦ರ ಸತ್ಯಾಗ್ರಹದ ವರ್ಷ. ನಾಯಕರೊಬ್ಬರ ಬಂಧನವನ್ನು ಪ್ರತಿಭಟಿಸಿ ಊರು ಬಾಗಿಲು ಮುಚ್ಚುವುದು, ಬಾಲಕನು ಗುಂಪಿನೊಡನೆ ಸೇರಿ ಶಾಲೆಯ ಕಿಟಕಿಯ ಗಾಜುಗಳನ್ನು ಒಡೆದು ಶಾಲೆಯನ್ನೇ ಬಿಡಬೇಕಾಗುವುದು, ಇವೆಲ್ಲ ನಾರಾಯಣರ ಕಾದಂಬರಿಯಲ್ಲಿ ಬರುವ ಪ್ರಸಂಗಗಳು. ಸ್ವಾತಂತ್ರ್ಯದ ಹೋರಾಟವೆಂದರೆ ದೊಡ್ಡ ನಗರಗಳಲ್ಲಿ ದೊಡ್ಡವರು ನಡೆಯಿಸಿದುದೆಂದು ಪಠ್ಯಪುಸ್ತಕಗಳು ಕಲಿಸುತ್ತಿದ್ದಾಗ, ಆ ಹೋರಾಟವು ಚಿಕ್ಕ ಊರಿನ ಶಾಲಾಬಾಲಕನ ಟೊಪ್ಪಿಗೆಯವರೆಗೂ ಬಂದಿದ್ದಿತೆಂಬುದನ್ನು ಬರೆದು ತೋರಿಸಿದ ಕಾದಂಬರಿ ಅದು. ಮಿಠಾಯಿ ಮಾರುವವನ ಕಥೆಯಲ್ಲಿಯೂ ಹಾಗೆಯೇ: ಗಾಂಧೀಜಿಯವರ ಕರೆಗೆ ಜೈಲಿಗೆ ಹೋಗಿ ಬಂದ ತಂದೆ ನೂಲುತ್ತ ಕುಳಿತಿರುವನು, ಅಮೆರಿಕಕ್ಕೆ ಹೋಗಿ ಬಂದ ಮಗನು ಕಥೆ ಬರೆಯುವ ಯಂತ್ರವನ್ನು ಮಾರಲೆತ್ನಿಸುವನು. ೧೯೮೬ರ ಭಾರತದ ಎಷ್ಟೋ ಮನೆಗಳಿಗೆ ಇದು ಕನ್ನಡಿಯಾಗಿದ್ದಿತು.

ಇನ್ನು ಕಹಿಯಾದ ಮಾತಿಗೆ ಬರೋಣ. ಈ ಧಾರಾವಾಹಿಯಲ್ಲಿ ಕನ್ನಡದ ನೆಲವಿದ್ದಿತು, ಕನ್ನಡದ ಮಳೆಯಿದ್ದಿತು, ಕನ್ನಡದ ಮುಖಗಳಿದ್ದವು. ಕನ್ನಡ ಮಾತ್ರ ಇರಲಿಲ್ಲ. ಮೊದಲ ಹದಿಮೂರು ಕಂತುಗಳನ್ನು ಇಂಗ್ಲಿಷಿನಲ್ಲಿಯೂ, ಎಲ್ಲವನ್ನೂ ಹಿಂದಿಯಲ್ಲಿಯೂ ತಯಾರಿಸಿದರು. ಆಗುಂಬೆಯ ಜಗಲಿಯ ಮೇಲೆ ಕುಳಿತ ಅಜ್ಜಿ ಹಿಂದಿಯಲ್ಲಿ ಕಥೆ ಹೇಳಿದಳು. ಆ ಭಾಷೆಯನ್ನು ಅರಿಯದ ಹಳ್ಳಿಯ ಹೆಂಗಸರು, ತಮ್ಮ ಮನೆಯಂತಹ ಮನೆಯನ್ನೂ ತಮ್ಮ ಅಡಿಗೆಮನೆಯಂತಹ ಅಡಿಗೆಮನೆಯನ್ನೂ ನೋಡುತ್ತ, ಏನು ಹೇಳುತ್ತಿರುವರೆಂದು ಶಾಲೆಗೆ ಹೋಗುವ ಮಕ್ಕಳನ್ನು ಕೇಳಬೇಕಾಗಿದ್ದಿತು. ನಾಡನ್ನು ಚಿತ್ರದಲ್ಲಿ ಸೇರಿಸಿಕೊಂಡು ನುಡಿಯನ್ನು ಹೊಸ್ತಿಲ ಹೊರಗೆ ನಿಲ್ಲಿಸಿದುದು ಪ್ರಾತಿನಿಧ್ಯವೇ? ಮಾಲ್ಗುಡಿಯು ಉತ್ತರದವರ ಕಣ್ಣಿಗೆ ದಕ್ಷಿಣದ ಯಾವುದೋ ಒಂದು ಊರಾಯಿತೇ ಹೊರತು ಕನ್ನಡ ನಾಡಿನ ಊರಾಯಿತೇ? ಕನ್ನಡಾಭಿಮಾನಿಗಳಲ್ಲಿ ಕೆಲವರು ಎತ್ತುವ ಈ ಆಕ್ಷೇಪಣೆಯನ್ನು ಹುರುಳಿಲ್ಲದುದೆಂದು ನಾವು ತಳ್ಳಿಹಾಕಲಾರೆವು.

ಆದರೆ ಅದರ ಭಾರವನ್ನು ಶಂಕರನಾಗರ ಹೆಗಲಿಗೆ ಹೊರಿಸುವುದು ಅನ್ಯಾಯ. ರಾಷ್ಟ್ರೀಯ ಕಾರ್ಯಕ್ರಮದ ಬಾಗಿಲು ಹಿಂದಿ ಇಂಗ್ಲಿಷುಗಳಿಗೆ ತೆರೆದಷ್ಟು ಅಗಲವಾಗಿ ಬೇರೆ ಭಾಷೆಗಳಿಗೆ ತೆರೆದಿರಲಿಲ್ಲ. ಆ ಬಾಗಿಲನ್ನು ಮಾಡಿದವರು ಅವರಲ್ಲ. ಮುಂಬಯಿಗೆ ಹೋಗಿ, ಮುಂಬಯಿಯ ನಟರನ್ನು ಸೇರಿಸಿ, ಯಾವುದೋ ಸ್ಟುಡಿಯೋದಲ್ಲಿ ಊರೊಂದನ್ನು ಬಣ್ಣದ ಹಲಗೆಗಳಿಂದ ಕಟ್ಟಿ ಅವರು ಈ ಕೆಲಸವನ್ನು ಮುಗಿಸಬಹುದಾಗಿದ್ದಿತು. ಅದು ಸುಲಭವೂ ಆಗಿದ್ದಿತು. ಅವರು ಹಾಗೆ ಮಾಡದೆ ಮಳೆ ಸುರಿಯುವ ಘಟ್ಟಕ್ಕೆ ಇಡೀ ತಂಡವನ್ನು ಕರೆದೊಯ್ದರು. ಬಾಗಿಲಿನ ಅಳತೆಗೆ ನುಡಿಯನ್ನು ಬಿಟ್ಟುಕೊಟ್ಟರು, ನೆಲವನ್ನು ಬಿಟ್ಟುಕೊಡಲಿಲ್ಲ. ಆ ಕೊಡುಕೊಳ್ಳುವಿಕೆಯಲ್ಲಿ ನಮಗೆ ನಷ್ಟವೂ ಇದ್ದಿತು, ಲಾಭವೂ ಇದ್ದಿತು. ನಮ್ಮ ಲೆಕ್ಕದಲ್ಲಿ ಲಾಭವೇ ಹೆಚ್ಚು. ನಷ್ಟವೇ ಹೆಚ್ಚೆಂದು ಹೇಳುವವರೊಡನೆ ನಮಗೆ ಜಗಳವಿಲ್ಲ.

ನಿಜವಾದ ಜಗಳವಿರುವುದು ಅನಂತರ ನಡೆದುದರ ಮೇಲೆ. ೧೯೯೪ರಲ್ಲಿ ಉದಯ ಟಿ.ವಿ. ಬಂದ ಮೇಲೆ ಕನ್ನಡಕ್ಕೆ ತನ್ನದೇ ಖಾಸಗಿ ವಾಹಿನಿಗಳಾದವು. ದೆಹಲಿಯ ಬಾಗಿಲನ್ನು ಕಾಯುವ ಕಷ್ಟ ತಪ್ಪಿತು. ಈಗ ಸಂಜೆ ಆರರಿಂದ ರಾತ್ರಿ ಹತ್ತರವರೆಗೂ ಕನ್ನಡದ ಧಾರಾವಾಹಿಗಳೇ ಧಾರಾವಾಹಿಗಳು. ನುಡಿಯೇನೋ ಬಂದಿತು, ನೆಲವೆಲ್ಲಿ? ಈ ಕಥೆಗಳಲ್ಲಿ ಬಹುಪಾಲು ನಡೆಯುವುದು ಬೆಂಗಳೂರಿನ ಶ್ರೀಮಂತರ ಬಂಗಲೆಗಳಲ್ಲಿ. ಮಲಗುವಾಗಲೂ ಒಡವೆ ತೆಗೆಯದ ಅತ್ತೆ ಸೊಸೆಯರು, ಏನು ಉದ್ಯೋಗವೆಂದು ಎಂದೂ ತಿಳಿಯದ ಉದ್ಯಮಿಗಳು. ಅರಸೀಕೆರೆಯ ತೆಂಗಿನ ತೋಟದವನು ಕೊಬ್ಬರಿಯ ಧಾರಣೆ ಬಿದ್ದಾಗ ಏನು ಮಾಡುವನು, ಹುಲಿಕೆರೆಯ ರೈತನು ಮಳೆ ಕೈಕೊಟ್ಟ ವರ್ಷ ಮಗಳ ಮದುವೆಯನ್ನು ಹೇಗೆ ಮಾಡುವನು ಎಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ಧಾರವಾಡ, ಕಲಬುರಗಿ, ಕರಾವಳಿಯ ಮಾತು 'ಕೆಲಸದವಳ' ಬಾಯಲ್ಲಿಯೋ ನಗಿಸುವವನ ಬಾಯಲ್ಲಿಯೋ ಬಂದರೆ ಬಂದಿತು, ಇಲ್ಲವಾದರೆ ಇಲ್ಲ. ಮದರಾಸಿನವನೆಂಬ ಹೆಸರಿನಲ್ಲಿ ಉತ್ತರದವರು ನಮಗೆ ಮಾಡಿದ ಅಪಹಾಸ್ಯವನ್ನು ನಾವು ನಮ್ಮ ಹುಬ್ಬಳ್ಳಿಯ ಅಣ್ಣನಿಗೇ ಮಾಡುತ್ತಿರುವೆವು. ಶ್ರೀ ಟಿ. ಎನ್. ಸೀತಾರಾಮರು ಮೊದಲಾದ ಕೆಲವರು ರಾಜಕೀಯವನ್ನೂ ಮಧ್ಯಮ ವರ್ಗದ ಬದುಕನ್ನೂ ಗಂಭೀರವಾಗಿ ತಂದರೆಂಬುದನ್ನು ಒಪ್ಪಲೇಬೇಕು. ಆದರೆ ಅದು ವಾಹಿನಿಗಳ ಸಾಮಾನ್ಯ ಮಾರ್ಗವಾಗಲಿಲ್ಲ. ಬೇರೆ ನುಡಿಯಲ್ಲಿ ನಮ್ಮ ನೆಲವನ್ನು ತೋರಿಸಿದವನ ಮೇಲೆ ಆಕ್ಷೇಪಣೆ ತರುವ ನಾವು, ನಮ್ಮ ನುಡಿಯಲ್ಲಿಯೇ ನೆಲವಿಲ್ಲದ ಕಥೆಗಳನ್ನು ನಿತ್ಯವೂ ಮನೆಯೊಳಗೆ ಬಿಟ್ಟುಕೊಳ್ಳುತ್ತಿರುವೆವು.

ಶಂಕರನಾಗರ ಇತರ ಉದ್ಯಮಗಳನ್ನು ಕುರಿತು ಒಂದೆರಡು ಮಾತು. ೧೯೮೩ರಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರಕಾರ ಬಂದು ಶ್ರೀ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾದ ಕಾಲದಲ್ಲಿ ನಾಗ್ ಸೋದರರು ಜನತಾ ಪಕ್ಷದ ಪರವಾಗಿ ಜನರ ಮುಂದೆ ನಿಂತರು. ಆದರೆ ಕಿರಿಯ ಸೋದರನ ಮನಸ್ಸು ಪಕ್ಷಕ್ಕಿಂತ ಹೆಚ್ಚಾಗಿ ಯೋಜನೆಗಳ ಕಡೆಗೆ ಹರಿಯುತ್ತಿದ್ದಿತು. ಬೆಂಗಳೂರಿಗೆ ಮೆಟ್ರೋ ರೈಲು ಬೇಕು, ನಂದಿ ಬೆಟ್ಟಕ್ಕೆ ಹಗ್ಗದಾರಿ ಬೇಕು, ಬಡವರಿಗೆ ಕಡಮೆ ವೆಚ್ಚದ ಮನೆ ಬೇಕು ಎಂದು ಅವರು ಹೇಳುತ್ತ ತಿರುಗಿದಾಗ ನಟನ ಹುಚ್ಚಾಟವೆಂದು ನಕ್ಕವರೇ ಬಹಳ. ಬೆಂಗಳೂರಿನಲ್ಲಿ ಮೆಟ್ರೋ ಓಡಿದುದು ೨೦೧೧ರಲ್ಲಿ. ಒಂದೇ ಸಮನೆ ಹತ್ತು ಕೆಲಸಗಳನ್ನು ಹಿಡಿಯುವ ಈ ಸ್ವಭಾವದಿಂದ ಕೆಲವು ಕೆಲಸಗಳು ಅರ್ಧಕ್ಕೆ ನಿಂತುದೂ ಉಂಟು. ಹಗಲು ಚಿತ್ರೀಕರಣ, ರಾತ್ರಿ ನಾಟಕದ ಅಭ್ಯಾಸ, ನಡುವೆ ಪ್ರಯಾಣ. ಅವರು ನಿದ್ರಿಸುತ್ತಿದ್ದುದು ಬಹುಮಟ್ಟಿಗೆ ಕಾರಿನಲ್ಲಿಯೇ ಎಂದು ಬಲ್ಲವರು ಹೇಳುವರು.

ಅಂತಹ ಪ್ರಯಾಣವೊಂದರಲ್ಲಿಯೇ ೧೯೯೦ನೆಯ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಸಮೀಪದ ಆನಗೋಡಿನಲ್ಲಿ ಅವರ ಕಾರು ಲಾರಿಗೆ ಡಿಕ್ಕಿ ಹೊಡೆಯಿತು. ಜೊತೆಯಲ್ಲಿದ್ದ ಪತ್ನಿಯೂ ಎಳೆಯ ಮಗಳೂ ಗಾಯಗೊಂಡು ಉಳಿದರು. ಅವರು ಹೊರಟಿದ್ದುದು ಮುಧೋಳದ ಬಳಿಯ ಲೋಕಾಪುರಕ್ಕೆ, ಶ್ರೀ ಚಂದ್ರಶೇಖರ ಕಂಬಾರರ ಜೋಕುಮಾರಸ್ವಾಮಿ ನಾಟಕವನ್ನು ಆಧರಿಸಿದ ಚಿತ್ರದ ಕೆಲಸಕ್ಕಾಗಿ. ಹೊಲ ಯಾರದು, ಕಾಗದದಲ್ಲಿ ಹೆಸರಿರುವ ಗೌಡನದೋ ಉತ್ತು ಬಿತ್ತಿದ ಬಸಣ್ಣನದೋ ಎಂದು ಕೇಳುವ ನಾಟಕ ಅದು; ಆದ್ಯಂತವಾಗಿ ಉತ್ತರ ಕರ್ನಾಟಕದ ಹಳ್ಳಿಯ ಮಾತಿನಲ್ಲಿ ಬರೆದುದು. ಆಗುಂಬೆಯಲ್ಲಿ ಬಿಟ್ಟುಬಂದಿದ್ದ ನುಡಿಯನ್ನು ಎತ್ತಿಕೊಳ್ಳಲು ಅವರು ಆ ದಾರಿಯಲ್ಲಿ ಹೋಗುತ್ತಿದ್ದರೆಂದು ನಮಗೆ ಅನೇಕ ಸಲ ತೋರಿದೆ.

ಶ್ರೀಮತಿ ಅರುಂಧತಿಯವರು ಹದಿನಾಲ್ಕು ವರ್ಷ ದುಡಿದು, ೨೦೦೪ರಲ್ಲಿ ಬೆಂಗಳೂರಿನ ಜಯಪ್ರಕಾಶ ನಗರದಲ್ಲಿ ರಂಗಶಂಕರವೆಂಬ ನಾಟಕಶಾಲೆಯನ್ನು ತೆರೆದರು. ಅರಸಾಳು ಸ್ಟೇಷನ್ನಿನ ಹಳೆಯ ಕಟ್ಟಡವನ್ನು ರೈಲ್ವೆಯವರು ೨೦೨೦ರಲ್ಲಿ ದುರಸ್ತಿ ಮಾಡಿ ಮಾಲ್ಗುಡಿಯ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿದರು. ಅರಸೀಕೆರೆಯಲ್ಲಿ ತಾಳಗುಪ್ಪದ ರೈಲು ಹತ್ತಿದವರಿಗೆ ಅದು ಇಂದಿಗೂ ದಾರಿಯಲ್ಲಿಯೇ ಇದೆ.